ಪೂಜೆಗಿಟ್ಟ ಬ್ರೇಕು

ನಮ್ಮ ಯಜಮಾನರ ಬಾಡಿಗೆ ಕಾರಿಗೆ ಬ್ರೇಕು ಇದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಮುಂದಿನವಕ್ಕೆ ದೇವರೇ ಬ್ರೇಕು. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ, ಅಲ್ಲಿಂದ ಕೋಲಾರಕ್ಕೆ, ಮದುವೆಗೆ, ಹೆರಿಗೆಗೆ, ಕೋರ್ಟಿಗೆ ಅಂತ ಜನ ಅದರಲ್ಲೇ ಓಡಾಡುತ್ತಿದ್ದರು. ನಮ್ಮ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಒಂದು ಸಲ ಕೋಲಾರದಲ್ಲಿ ಗಾಡಿ ತಪಾಸಣೆಯ ಸಾಹೇಬರು ಕಾರನ್ನು ಸುತ್ತಿ ನೋಡಿ, ದಸರಾ ಮುಗಿಯುತ್ತಲೇ ಮುಂದಿನ ಚಕ್ರಗಳಿಗೂ ಬ್ರೇಕು ಹಾಕಿಸಿ ತಂದು ತೋರಿಸಬೇಕು, ಇಲ್ಲದಿದ್ದರೆ ಬಾಡಿಗೆಗೆ ಓಡಿಸುವ ಲೈಸೆನ್ಸು ರದ್ದು ಎಂದುಬಿಟ್ಟರು.

ಹೇಳುವುದು ಸುಲಭ ಕಣ್ರೀ. ಆ ಕಾಲದಲ್ಲಿ ಒಂದು ನಟ್ಟು ಬೇಕೆಂದರೂ ಊರೂರು ಅಲೆಯಬೇಕಿತ್ತು. ಮಾಲೂರಿನ ಹತ್ತಿರ ಹುಣಸೆಮರಕ್ಕೆ ಗುದ್ದಿ ಬಿದ್ದಿದ್ದ ಬೇರೆ ಯಾವುದೋ ಕಾರಿನ ಮುಂದಿನ ಅಚ್ಚನ್ನು, ಬ್ರೇಕ್ ಡ್ರಮ್ಮುಗಳ ಸಮೇತ, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಪೆಡಲಿನಿಂದ ಚಕ್ರದವರೆಗೆ ಎಳೆಯುವ ಸರಳುಗಳು ಮುಳಬಾಗಿಲಿನ ಒಂದು ಹಳೇ ಲಾರಿಯವು. ಡ್ರಮ್ಮಿನೊಳಗೆ ಉಜ್ಜಿ ಚಕ್ರವನ್ನು ಹಿಡಿದು ನಿಲ್ಲಿಸುವ ಪಟ್ಟಿಗಳಿಗೆ ಲೈನಿಂಗ್ ಅನ್ನುತ್ತಾರೆ. ಅದನ್ನು ಬೆಂಗಳೂರಿನಲ್ಲಿ ಯಾರ ಕೈಕಾಲು ಹಿಡಿದು ತಂದರೋ. ಇದೇ ಕೊನೆಯ ಸೆಟ್ಟು, ಇನ್ನು ಬರುವುದೆಲ್ಲ ಮಿಲಿಟರಿಗೆ ಅಂತ ಅಂಗಡಿಯವನು ಹೇಳಿದ್ದನಂತೆ. ಮೂರು ಮನೆಯ ಸೊಸೆಯರನ್ನು ಒಂದೇ ಅಡುಗೆಮನೆಗೆ ಬಿಟ್ಟಿದ್ದೀರಿ, ಹೊಂದಿಕೊಂಡ ಹಾಗೇ ಇದೆ ಅಂತ ನಾನು ರೇಗಿಸಿದೆ. ಅವರು ನಗಲಿಲ್ಲ.

ಹೊಂದಿಕೊಂಡಿತು, ಅದೇ ಆಶ್ಚರ್ಯ. ಕುಲುಮೆಯಲ್ಲಿ ಬಗ್ಗಿಸಿ, ತಟ್ಟಿ, ಕೂಡಿಸಿ, ನಮ್ಮ ಬೀದಿಯಲ್ಲೇ ಓಡಿಸಿ ತುಳಿದರು. ಕಾರು ಗಕ್ಕನೆ ನಿಂತಿತು. ಆ ಮನುಷ್ಯ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಒಂದು ಚಕ್ರ ಮಾತ್ರ ಸ್ವಲ್ಪ ಬಿಗಿ ಅಂತ ಎಲ್ಲವನ್ನೂ ಬಿಚ್ಚಿ ಸರಿಮಾಡಿಸಿ ತಂದರು. ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ಹತಾರ ಮುಟ್ಟುವ ಹಾಗಿಲ್ಲವಲ್ಲ, ಬಿಚ್ಚಿದ ಸಾಮಾನನ್ನು ಪಡಸಾಲೆಯಲ್ಲಿ ಜೋಡಿಸಿಟ್ಟು, ತಪಾಸಣೆಯ ದಿನವನ್ನು ಸಾಹೇಬರ ಮನೆಯಲ್ಲೇ ಕೇಳಿಕೊಂಡು ಬರಲು ಬೆಳಿಗ್ಗೆಯೇ ಕೋಲಾರದ ಬಸ್ಸು ಹತ್ತಿದರು.

ನಮ್ಮ ಮಾವ ಆಯಸ್ಸೆಲ್ಲ ಜಟಕಾ ಓಡಿಸಿದವರು. ಕೀಲೆಣ್ಣೆ ಕಾಣದ ಚಕ್ರ ಅಳುತ್ತದೆ ಅನ್ನುವುದು ಅವರಿಗೆ ವೇದವಾಕ್ಯ. ಪೂಜೆಗಿಡುವ ಕುಡುಗೋಲು, ಹಾರೆ, ಕೊಡಲಿಗೆಲ್ಲ ತೊಳೆದು ಎಣ್ಣೆ ಸವರುವುದು ಪ್ರತಿವರ್ಷ ಅವರದೇ ಕೆಲಸ. ನಾನು ಒಳಗೆ ಒಬ್ಬಟ್ಟು ಬೇಯಿಸುತ್ತಿದ್ದೆ. ಹೊರಗೆ ಬಂದು ನೋಡಿದರೆ ಡ್ರಮ್ಮು, ಲೈನಿಂಗು ಎಲ್ಲಕ್ಕೂ ಹರಳೆಣ್ಣೆ ಕುಡಿಸಿ, ಕುಂಕುಮ ಇಟ್ಟು, ಚೆಂಡುಹೂವು ಮುಡಿಸಿ ಕೈಮುಗಿದು ನಿಂತಿದ್ದಾರೆ. ಚೆನ್ನಾಗಿದೆ ಮಾವ ಅಂದೆ. ಎಣ್ಣೆ ಕುಡಿದ ಲೈನಿಂಗು ಚಕ್ರ ಹಿಡಿಯದೆ ಜಾರುತ್ತದೆ ಅಂತ ನನಗೇನು ಗೊತ್ತು?

ಸಂಜೆ ಇವರು ಬಂದು ಅದನ್ನು ನೋಡಿದವರೇ ಹೊಸ್ತಿಲ ಮೇಲೆ ಕುಸಿದು ಕೂತರು. ಮಾವ ಖುಷಿಯಿಂದ ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದರು. ಇವರು ಹೂಂ ಹೂಂ ಅಂದರು, ಅಷ್ಟೇ. ಮಾರನೆಯ ದಿನ ಹಿತ್ತಲಲ್ಲಿ ಸೀಗೆಪುಡಿ ಹಾಕಿ ತಿಕ್ಕಿದೆವು, ಪೆಟ್ರೋಲಿನಲ್ಲಿ ಅದ್ದಿದೆವು, ರೊಟ್ಟಿ ಹೆಂಚಿನ ಮೇಲೆ ಹುರಿದೆವು. ಒರೆಸಿದಷ್ಟೂ ಎಣ್ಣೆ ಬೆವರಿನಂತೆ ಹೊರಗೆ ಬರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ನಿಮ್ಮ ಅಪ್ಪ ನಮ್ಮ ಅನ್ನಕ್ಕೇ ಎಣ್ಣೆ ಹೊಯ್ದರಲ್ಲ, ಈಗಲೇ ಹೋಗಿ ಕೇಳುತ್ತೇನೆ ಅಂತ ಎದ್ದೆ. ಇವರು ಕೈ ಹಿಡಿದು ಕೂರಿಸಿದರು.

“ಅಪ್ಪನ ಹತ್ರ ಒಂದ್ಮಾತೂ ಎತ್ಬೇಡ ಕಣೇ. ಎದೆ ಒಡ್ಕೊಂಡ್ಬಿಡ್ತಾನೆ.”

ಬೇರೆ ದಾರಿಯಿಲ್ಲದೆ ಅದನ್ನೇ ಕೂಡಿಸಿ ಕೋಲಾರಕ್ಕೆ ಹೋದೆವು. ಮನೆಯಲ್ಲಿ ಕೂತಿರಲಾರದೆ ನಾನೂ ಹೋಗಿದ್ದೆ. ಸಾಹೇಬರು ಪಕ್ಕದಲ್ಲಿ ಕೂತು ನಿಲ್ಲಿಸು ಅಂದರು. ಒಂದು ಚಕ್ರ ಹಿಡಿಯಿತು, ಇನ್ನೊಂದು ಜಾರಿತು. ಕಾರು ರಸ್ತೆ ಬಿಟ್ಟು ತಿರುಗಿ ಚರಂಡಿಗೆ ಮೂತಿ ಇಟ್ಟಿತು. ಸಾಹೇಬರು ಬೈಯಲಿಲ್ಲ. ಹೊಸ ಲೈನಿಂಗ್ ಹಾಕಿಸಿಕೊಂಡು ಬಾರಪ್ಪ, ಅಲ್ಲಿಯವರೆಗೆ ಲೈಸೆನ್ಸು ನನ್ನ ಹತ್ತಿರ ಇರಲಿ ಅಂದರು. ಹೊಸದು ಎಲ್ಲಿಂದ ತರುವುದು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಾರಿಯುದ್ದಕ್ಕೂ ನಾನು ಅಳುತ್ತಲೇ ಬಂದೆ.

ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಪಾಸಾಯಿತೇ ಅಂತ ಕೇಳಿದರು.

“ಇಲ್ಲಪ್ಪಾ. ಬೇರೆ ಬೇರೆ ಗಾಡಿ ಸಾಮಾನು, ಒಗ್ಗಲಿಲ್ಲ,” ಅಂದರು ಇವರು.

ಮಾವನಿಗೆ ಸಿಟ್ಟು ನೆತ್ತಿಗೇರಿತು. “ಕಂಡೋರ ಗಾಡಿ ಸಾಮಾನು ತಂದು ತುರುಕಿದ್ರೆ ಒಗ್ಗುತ್ತೇನ್ಲಾ? ನಿನ್ ಕೈಯಾರೆ ಹೆಂಡ್ತಿ ಮಕ್ಕಳ ಅನ್ನ ಕಿತ್ಕೊಂಡ್ಯಲ್ಲೋ!”

ಬೀದಿಯವರೆಲ್ಲ ಹೊರಗೆ ಬಂದು ನಿಂತು ಕೇಳಿದರು. ಇವರು ತಲೆ ತಗ್ಗಿಸಿ ನಿಂತೇ ಇದ್ದರು. ನನ್ನ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. ಆವತ್ತು ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಹೋಗಿ, ಮಾವನಿಗೆ ಊಟಕ್ಕೆ ಎಲೆ ಹಾಕಿದೆ.