ಮೂರನೆಯ ಕೆಮ್ಮು

ನಾನು ಕೆಮಿಸ್ಟ್ರಿ ಓದಿದವನು. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವನು. ದೆವ್ವದ ಮಾತು ಬಂದರೆ ಎದ್ದು ಹೋಗುತ್ತಿದ್ದವನು. ಹಾಗಾಗಿ ಈ ಸಂಗತಿಯನ್ನು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಇದರಲ್ಲಿ ಒಂದಕ್ಷರವನ್ನೂ ಸೇರಿಸಿಲ್ಲ... ಸೇರಿಸುವ ಧೈರ್ಯವೂ ನನಗಿಲ್ಲ.

ನಮ್ಮ ಕಡೆಗೆ ಮೊಬೈಲ್ ಇನ್ನೂ ಬಂದಿರದ ಕಾಲ. ಹಾರೋಹಳ್ಳಿಯಿಂದ ಮರಳವಾಡಿಗೆ ಹೋಗುವ ದಾರಿಯಲ್ಲಿ, ಊರಿನಿಂದ ದೂರ, ಸ್ಟೀಲ್ ಸಾಮಾನನ್ನು ಆಸಿಡ್‌ನಲ್ಲಿ ತೊಳೆಯುವ ಒಂದು ಸಣ್ಣ ಫ್ಯಾಕ್ಟರಿ. ಈಗ ಅದಿಲ್ಲ. ನಾನಲ್ಲಿ ಕೆಮಿಸ್ಟ್. ರಾತ್ರಿ ಪಾಳಿಯಲ್ಲಿ ನಾನು, ಹೆಲ್ಪರ್ ಸಿದ್ದಣ್ಣ, ಗೇಟಿನಲ್ಲಿ ವಾಚ್‌ಮನ್ ಕೆಂಪಯ್ಯ. ಅಷ್ಟೇ ಜನ. ಸಿದ್ದಣ್ಣ ನಮ್ಮಪ್ಪನಿಗಿಂತ ದೊಡ್ಡವರು. ಸಾರ್ ಅನ್ನಬೇಡಿ ಎಂದರೆ, "ಓದಿರೋರು ಸಾರೇ ಕಣ್ ಬುಡಿ," ಎನ್ನುತ್ತಿದ್ದರು. ನನಗೆ ಅದು ಹಿತವಾಗಿಯೇ ಇತ್ತು.

ಆಸಿಡ್ ಇಡುವ ಸ್ಟೋರಿಗೆ ಒಂದೇ ಬಾಗಿಲು, ಸರಳು ಹಾಕಿದ ಒಂದು ಕಿಟಕಿ. ಹಿಂದಿನ ಮೂಲೆಯಲ್ಲಿ ಒಂದು ಷವರ್. ಮೈಮೇಲೆ ಆಸಿಡ್ ಬಿದ್ದರೆ ಅದರ ಚೈನ್ ಎಳೆದು ಕೆಳಗೆ ನಿಲ್ಲಬೇಕು. ಸೇರಿದ ವಾರವೇ ನಾನು ಎಳೆದು ನೋಡಿದ್ದೆ. ಒಂದು ಹನಿಯೂ ಬಂದಿರಲಿಲ್ಲ.

"ಅದು ಇನ್ಸ್‌ಪೆಕ್ಟರ್‌ಗೆ ತೋರ್ಸಕ್ಕೆ ಹಾಕಿರೋದು ಸಾರ್, ನಮ್ಗಲ್ಲ," ಎಂದು ಸಿದ್ದಣ್ಣ ನಕ್ಕಿದ್ದರು.

ಬಾಗಿಲ ಪಕ್ಕ ನಾಲ್ಕು ಮೂಟೆ ಮರದ ಹೊಟ್ಟು ಇತ್ತು. ತರಿಸಿದ್ದು ನಾನೇ. ನಮ್ಮಪ್ಪ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು. ನಮ್ಮ ಬೀದಿಯಲ್ಲಿ ಎಣ್ಣೆ ಚೆಲ್ಲಲಿ, ಬಣ್ಣ ಚೆಲ್ಲಲಿ, ಮಗು ವಾಂತಿ ಮಾಡಲಿ, ಮರ ಕಡೆಯುವ ಲೇತಿನ ಕೆಳಗಿಂದ ಒಂದು ಬೊಗಸೆ ಹೊಟ್ಟು ತಂದು ಎರಚುವುದು. ಕೈ ಕಲಿತದ್ದು ಅದನ್ನೇ.

ಆ ರಾತ್ರಿ ಎರಡರ ಹೊತ್ತು. ಸಂಜೆಯಿಂದ ಕರೆಂಟಿಲ್ಲ. ಬೋರ್‌ವೆಲ್ ಮೋಟಾರ್ ಓಡದೆ ಮೇಲಿನ ಟ್ಯಾಂಕು ಖಾಲಿ. ಸಿದ್ದಣ್ಣ ಟಾರ್ಚ್ ಹಿಡಿದು ಬಂದರು.

"ಸಾರ್... ಒಸಿ ಬನ್ನಿ. ನೈಟ್ರಿಕ್ ಕ್ಯಾನು ಸೀಳೈತೆ."

ಬಾಗಿಲ ಹತ್ತಿರವೇ ಆಸಿಡ್ ಹರಿದು ನಿಂತಿತ್ತು. ಅದನ್ನು ಸುತ್ತಿಬಳಸಿ ಒಳಗೆ ಹೋಗಿ, ಉಳಿದ ಕ್ಯಾನುಗಳನ್ನು ಇಬ್ಬರೂ ಹಿಂದಕ್ಕೆ ಎಳೆದೆವು. ಆಮೇಲೆ ನಾನು ಎರಡು ಮೂಟೆ ಹೊಟ್ಟನ್ನು ಆಸಿಡ್ ಮೇಲೆ ಸುರಿದೆ. ನೆಲ ಒಣಗಿದ ಹಾಗೆ ಕಂಡಿತು.

"ಅಷ್ಟೇ ನೋಡಿ," ಎಂದೆ.

"ಓದಿರೋ ತಲೆ," ಎಂದರು ಸಿದ್ದಣ್ಣ.

ಹೊಟ್ಟಿನ ಅಡಿಯಲ್ಲಿ ಸಣ್ಣಗೆ... ಸ್ಸ್... ಎಂಬ ಸದ್ದು. ಮೂಗಿನೊಳಗೆ ಸೂಜಿ ಆಡಿಸಿದಂಥ ಘಾಟು. ಟಾರ್ಚಿನ ಬೆಳಕಿನಲ್ಲಿ ಕೇಸರಿ ಬಣ್ಣದ ಹೊಗೆ ಏಳುತ್ತಿತ್ತು.

ಆಗ ನೆನಪಾಯಿತು. ನೈಟ್ರಿಕ್ ಆಸಿಡ್ ಪಕ್ಕ ಮರ, ಕಾಗದ, ಬಟ್ಟೆ ಇಡಬಾರದು, ಅದೇ ಹೊತ್ತಿಸುತ್ತದೆ ಎಂದು ನನ್ನದೇ ಅಕ್ಷರದಲ್ಲಿ ನೋಟ್ಸ್ ಬರೆದಿದ್ದೆ. ಆ ಪ್ರಶ್ನೆಗೆ ಪೂರ್ತಿ ಅಂಕವೂ ಬಂದಿತ್ತು.

ಭಗ್ಗೆಂದು ಹೊತ್ತಿಕೊಂಡಿತು. ಬೆಂಕಿಯ ಆಚೆ ಬಾಗಿಲು. ಈಚೆ ನಾವು.

ಕಿಟಕಿಯ ಸರಳು ಹಿಡಿದು ಕೆಂಪಯ್ಯನನ್ನು ಕೂಗಿದೆ. ಗಂಟಲು ಕಟ್ಟಿತು. ಸಿದ್ದಣ್ಣ ಕುಸಿದು ಕೂರಲು ಹೋದರು. "ಕೂರಬೇಡಿ, ಆ ಹೊಗೆ ಕೆಳಗೇ ನಿಲ್ಲುತ್ತೆ," ಎಂದು ಮರದ ಹಲಗೆಗಳ ಅಟ್ಟಿಯ ಮೇಲೆ ಹತ್ತಿಸಿ, ನಾನೂ ಹತ್ತಿದೆ. ಟಾರ್ಚ್ ಕೈಜಾರಿ ಆರಿತು. ಹಿಂದಿನ ಮೂಲೆ ಕತ್ತಲಲ್ಲಿ ಮುಳುಗಿತು. ಅವರು ನನ್ನ ಎರಡೂ ಕೈಗಳನ್ನು ಭದ್ರವಾಗಿ ಹಿಡಿದುಕೊಂಡರು.

ಹೊಗೆ ನಮ್ಮ ಮೊಣಕಾಲಿಗೆ ಬಂತು... ಸೊಂಟಕ್ಕೆ ಬಂತು...

ಸಿದ್ದಣ್ಣ ಕೆಮ್ಮಿದರು. ನಾನು ಕೆಮ್ಮಿದೆ.

ಮೂಲೆಯಿಂದ ಇನ್ನೊಂದು ಕೆಮ್ಮು ಬಂತು.

ಉಸಿರು ಕಟ್ಟಿದವರ ಕೆಮ್ಮಲ್ಲ ಅದು. ಮನೆಯ ಹಿರಿಯರು ಮಾತು ತೆಗೆಯುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ... ಹಾಗೆ. ಆತುರವೇ ಇಲ್ಲದ್ದು.

"ನೀನಾ ಕೆಮ್ಮಿದ್ದು?" ಸಿದ್ದಣ್ಣ ಪಿಸುಗುಟ್ಟಿದರು. ಅವರು ನನ್ನನ್ನು ನೀನು ಎಂದದ್ದು ಅದೇ ಮೊದಲು.

"ಒಂದೇ ಸಲ."

"ನಾನೂ ಒಂದೇ ಸಲ ಕಣಪ್ಪ..."

ಮೂಲೆಯಲ್ಲಿ ಷವರಿನ ಚೈನ್ ಅಲುಗಿದ ಸದ್ದಾಯಿತು. ಝಣ್.

ನೀರು. ಧೋ ಎಂದು ಸುರಿಯತೊಡಗಿತು. ಐಸಿನಂತೆ ತಣ್ಣಗೆ, ಹಳೆ ಬಾವಿಯ ಪಾಚಿಯ ವಾಸನೆ. ನೆಲ ತುಂಬಿ ಬಾಗಿಲ ಕಡೆಗೆ ನುಗ್ಗಿತು. ಬೆಂಕಿ ಚುಯ್ಯೆಂದು ತಗ್ಗಿತು. ಹೆಗಲ ಮೇಲಿನ ಟವೆಲ್ ನೆನೆಸಿ ಮುಖಕ್ಕೆ ಒತ್ತಿಕೊಂಡು, ಒಬ್ಬರನ್ನೊಬ್ಬರು ಎಳೆದುಕೊಂಡು, ಹೇಗೋ ಹೊರಗೆ ಬಂದು ಬಿದ್ದೆವು.

ಕೆಂಪಯ್ಯ ಪಕ್ಕದ ಕ್ವಾರಿಗೆ ಓಡಿ ಫೋನ್ ಮಾಡಿದ್ದ. ಕನಕಪುರದಿಂದ ಫೈರ್ ಎಂಜಿನ್ ಬಂತು.

"ಒಳಗೆ ಎಷ್ಟು ಜನ ಇದ್ರಿ?" ಆಫೀಸರ್ ಕೇಳಿದರು.

"ಇಬ್ಬರು," ಎಂದೆ.

"ಮೂರು ಜನ ಸಾ," ಎಂದ ಕೆಂಪಯ್ಯ. "ಫೋನ್ ಮಾಡ್ಬುಟ್ಟು ಬಂದು ಕಿಟ್ಕಿ ತಾವ ನಿಂತಿದ್ದೆ. ಮೂರು ಜನ ಕೆಮ್ತಾವ್ರೆ. ಒಬ್ರುದು ಗುರ್ತೇ ಸಿಗ್ನಿಲ್ಲ."

ಬೆನ್ನಿಗೆ ಸಿಲಿಂಡರ್, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಇಬ್ಬರು ಒಳಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಬಂದು, ಯಾರೂ ಇಲ್ಲ ಎಂದರು. ನಾನು ಷವರ್ ವಿಷಯ ಹೇಳಿದೆ. ಅವರಲ್ಲೊಬ್ಬ ನನ್ನನ್ನು ಗೋಡೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಟಾರ್ಚ್ ಬಿಟ್ಟ. ಷವರಿನ ಪೈಪು ಗೋಡೆಯಿಂದ ಗೇಣುದ್ದ ಹೊರಗೆ ಬಂದು ಅಲ್ಲಿಗೇ ಮುಗಿದಿತ್ತು. ಬಾಯಿಗೆ ಮರದ ಬೆಣೆ. ಬೆಣೆಯ ಮೇಲೆ ಜೇಡರ ಬಲೆ, ಒಂದೆಳೆಯೂ ಹರಿದಿರಲಿಲ್ಲ.

ನನ್ನ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಆಸಿಡ್ ಮೇಲೆ ಹೊಟ್ಟು ಹಾಕಿದ್ದು ಯಾರ್ರೀ?" ಆಫೀಸರ್ ಕೇಳಿದರು.

"ನಾನು."

"ಏನು ಓದಿದೀರಿ?"

"ಬಿ.ಎಸ್‌ಸಿ. ಕೆಮಿಸ್ಟ್ರಿ."

ಅವರು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಈ ಹೊಗೆ ಇವತ್ತು ಸುಮ್ಮನಿದ್ದು ನಾಳೆ ಕಚ್ಚುತ್ತದೆ ಎಂದು ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದರು.

ವಾರ್ಡಿನಲ್ಲಿ ಪಕ್ಕದ ಮಂಚದ ಸಿದ್ದಣ್ಣನನ್ನು ಕೇಳಿದೆ. "ಚೈನ್ ಎಳೆದಿದ್ದು ನೀವೇ ತಾನೆ?"

"ನಾನು ನೀವು ಅಂದ್ಕಂಡಿದ್ದೆ."

"ನನ್ನೆರಡು ಕೈಯೂ ನಿಮ್ಮ ಹತ್ತಿರ ಇದ್ದವು."

ಸಿದ್ದಣ್ಣ ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡರು. "ಅವ್ನು ಯಾರಾದ್ರೂ ಆಗ್ಲಿ ಬುಡಿ," ಎಂದರು. "ನಾವು ಬಂದ್ಬುಟ್ವಿ. ಅವ್ನು ಇನ್ನೂ ಒಳಗೇ ಅವ್ನಲ್ಲಾ..."

ಹೊಟ್ಟು ಸುರಿದ ಕೈ ನನ್ನದು, ಅದರ ಲೆಕ್ಕ ನನಗೆ ಗೊತ್ತು. ಚೈನ್ ಎಳೆದ ಕೈ ಯಾರದೆಂದು ನನ್ನ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಈಗಲೂ ರಾತ್ರಿ ಮುಚ್ಚಿದ ಕೋಣೆಯಲ್ಲಿ ಕೆಮ್ಮು ಬಂದರೆ, ಆದಷ್ಟು ತಡೆದುಕೊಳ್ಳುತ್ತೇನೆ. ತಡೆಯಲಾಗದೆ ಕೆಮ್ಮಿಬಿಟ್ಟರೆ... ಉಸಿರು ಬಿಗಿಹಿಡಿದು, ಒಂದು ಕ್ಷಣ, ಮೂಲೆಯ ಕಡೆಗೆ ಕಿವಿಗೊಟ್ಟು ಕಾಯುತ್ತೇನೆ.