ಮೌನದ ಕೋಣೆಗೆ ಬ್ಯಾಂಡ್ ಬಾಜಾ

ಮೈಕು ಹಚ್ಚಿ, ಬ್ಯಾಂಡ್ ಬಾರಿಸಿ ಮೌನವನ್ನು ಉದ್ಘಾಟಿಸಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ಕಳೆದ ತಿಂಗಳು ಕಣ್ಣಾರೆ ನೋಡಿದೆ.

ಊರಿನ ಹೆಸರು ಬೇಡ. ಗದಗದಿಂದ ಶಿರಹಟ್ಟಿ ಬಸ್ ಹತ್ತಿದರೆ ಸಿಗುತ್ತದೆ. (ನಾಳೆ ನಾನೂ ಅಲ್ಲಿಯ ಗ್ರಂಥಾಲಯಕ್ಕೇ ಪೇಪರ್ ಓದಲು ಹೋಗಬೇಕು!)

ನನ್ನ ಅಕ್ಕನ ಮಗಳು ಗಿರಿಜಾಗೆ ಇಪ್ಪತ್ತಾರು ವರ್ಷ. ಆಟಿಸಂ ಇದೆ. ಫಕ್ಕನೆ ಎದ್ದ ಸಪ್ಪಳ ಅವಳಿಗೆ ಹೊಡೆತ ಬಿದ್ದಷ್ಟೇ ನೋವು ಕೊಡುತ್ತದೆ. ಸಪ್ಪಳವಿಲ್ಲದ ಕಡೆ ಕೂರಿಸಿ ಹಕ್ಕಿಗಳ ಪುಸ್ತಕ ಕೊಡಿ, ಮೂರು ತಾಸು ಕದಲುವುದಿಲ್ಲ. ಆದರೆ ನಮ್ಮ ಗ್ರಂಥಾಲಯದಲ್ಲಿ ‘ನಿಶ್ಶಬ್ದ’ ಎಂಬ ಬೋರ್ಡಿನ ಕೆಳಗೇ ಹಿರಿಯರು ಪೇಪರ್ ಹಾಳೆ ಹಂಚಿಕೊಂಡು ಸರಕಾರ ಬೀಳಿಸುತ್ತಿರುತ್ತಾರೆ.

ಅಕ್ಕ ಗ್ರಂಥಪಾಲಕಿ ಸುಮಿತ್ರಾ ಮೇಡಂ ಅವರನ್ನು ಕೇಳಿದಳು. ಅವರು ಅರ್ಜಿ ಗಿರ್ಜಿ ಎನ್ನಲಿಲ್ಲ. ಹಿಂದಿನ ಕೋಣೆಯ ಮುರಿದ ಕುರ್ಚಿ ತೆಗೆಸಿ, ಗುಂಯ್‌ಗುಡುವ ಟ್ಯೂಬ್‌ಲೈಟ್ ಬದಲಿಸಿ, ಒಂದು ಟೇಬಲ್ ಹಾಕಿಕೊಟ್ಟರು. ಅಷ್ಟೇ. ಹದಿನೈದು ದಿನ ಗಿರಿಜಾ ತಪ್ಪದೇ ಹೋದಳು. ಒಂದು ದಿನ ತಾನಾಗಿಯೇ ಮೇಡಂ ಬಳಿ ಹೋಗಿ, “ಮುಂದಿನ ಭಾಗ ಎಲ್ಲೈತ್ರಿ?” ಎಂದು ಕೇಳಿದಳಂತೆ. ಹೊರಗಿನವರ ಜತೆ ಅವಳು ತಾನಾಗಿ ಆಡಿದ ಮೊದಲ ಮಾತು. ಫೋನಿನಲ್ಲಿ ಹೇಳುತ್ತಾ ಅಕ್ಕ ಅತ್ತೇಬಿಟ್ಟಳು.

ಸುದ್ದಿ ಗ್ರಂಥಾಲಯ ಸಮಿತಿಯ ಅಧ್ಯಕ್ಷರ ಕಿವಿಗೆ ಬಿತ್ತು. ನಮ್ಮ ಕಡೆ ಒಳ್ಳೆಯ ಕೆಲಸ ಸದ್ದಿಲ್ಲದೆ ಆದರೆ ಆದಂತೆಯೇ ಅಲ್ಲವಲ್ಲ!

“ಇಂಥಾ ಚೊಲೋ ಕೆಲಸ ಸುಮ್ನ ಹೆಂಗ ಬಿಡೂದ್ರಿ? ಉದ್ಘಾಟನಾ ಇಟ್ಕೊಳ್ಳೂಣು” ಎಂದರು.

“ಆಕಿಗೆ ಸಪ್ಪಳಾನ ಆಗಂಗಿಲ್ರೀ” ಎಂದೆ.

“ಹತ್ತ ನಿಮಿಷದಾಗ ಮುಗಸ್ತೇವಿ ತಗೋರಿ.”

ಬ್ಯಾಂಡಿನವರು ಬಂದರು. ‘ಹಲೋ, ಮೈಕ್ ಟೆಸ್ಟಿಂಗ್’ ಆಯಿತು. ಮುಖ್ಯ ಅತಿಥಿಗಳು ಮೌನದ ಮಹತ್ವದ ಬಗ್ಗೆ ಬರೋಬ್ಬರಿ ಮುಕ್ಕಾಲು ತಾಸು ಮಾತಾಡಿದರು. ಸನ್ಮಾನಕ್ಕೆ ಕರೆದರೆ ಗಿರಿಜಾ ಎಲ್ಲಿ? ತನ್ನ ಟೇಬಲ್ ಕೆಳಗೆ, ಎರಡೂ ಕಿವಿ ಮುಚ್ಚಿಕೊಂಡು ನಡುಗುತ್ತಿದ್ದಳು.

“ಹುಡುಗಿ ನಾಚ್ಕೊಂಡಾಳ” ಎಂದು ಅಧ್ಯಕ್ಷರು ಮೈಕಿನಲ್ಲೇ ಘೋಷಿಸಿ, ಶಾಲನ್ನು ಅಕ್ಕನಿಗೆ ಹೊದಿಸಿದರು. ಫೋಟೋ ಆಯಿತು. ಚಪ್ಪಾಳೆ ಬೇರೆ!

“ನೆರಳ ಕೊಡ್ತೇವಂತ ಕರದು ಬಿಸಲಾಗ ನಿಲ್ಲಿಸಿದಂಗಾತಲ್ಲೋ ತಮ್ಮಾ” ಎಂದಳು ಅಕ್ಕ. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಫೋಟೋದಲ್ಲಿ ಹಲ್ಲು ಕಿರಿದಿದ್ದೇನೆ, ಸುಳ್ಳೇಕೆ ಹೇಳಲಿ?

ಗಿರಿಜಾ ಗ್ರಂಥಾಲಯ ಬಿಟ್ಟಳು. ಪುಸ್ತಕವನ್ನೂ ಮುಟ್ಟಲಿಲ್ಲ.

ಎರಡು ವಾರದ ನಂತರ ಸುಮಿತ್ರಾ ಮೇಡಂ ಅಕ್ಕನ ಮನೆಗೆ ಬಂದರು. ಒಳಗೆ ಬರಲಿಲ್ಲ. ಹಕ್ಕಿ ಪುಸ್ತಕದ ಮುಂದಿನ ಭಾಗವನ್ನು ಬಾಗಿಲ ಬಳಿ ಇಟ್ಟು ಮೆಲ್ಲಗೆ ಹೇಳಿದರು: “ಹತ್ತಕ್ಕ ಮಂದಿ ಬರ್ತಾರ. ನಾ ಒಂಬತ್ತಕ್ಕ ಬಾಗ್ಲಾ ತಗೀತೇನಿ. ಆಕಿಗೆ ಮನಸಾದ್ರ ಕಳಸ್ರಿ.”

ನಾಲ್ಕು ದಿನ ಬಿಟ್ಟು ಗಿರಿಜಾ ತಾನೇ ಚಪ್ಪಲಿ ಮೆಟ್ಟಿ ಹೊರಟಳು. ಈಗ ದಿನಾ ಹೋಗುತ್ತಾಳೆ.

ಮೊನ್ನೆ ಸಮಿತಿಯಿಂದ ಮೇಡಂಗೆ ನೋಟಿಸ್ ಬಂದಿದೆ. ವೇಳೆಗೆ ಮುಂಚೆ ಬಾಗಿಲು ತೆರೆಯಲು ಕಾರಣವೇನು, ಲಿಖಿತ ಉತ್ತರ ಕೊಡಿ ಎಂದು.

ಒಬ್ಬಳು ಓದಲು ಬಂದಿದ್ದಳು! ಗ್ರಂಥಾಲಯದ ಬಾಗಿಲು ತೆರೆಯಲು ಇದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕ್ರಿ?