ಗಿರಿಜಕ್ಕನ ಪಾಸಿಟಿವ್

ಗಿರಿಜಕ್ಕ ಯಾವ ಡಾಕ್ಟರಿಗೂ ಎದ್ದು ನಿಂತವರಲ್ಲ. ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಅವರ ಕೆಲಸ. ಹಣೆ ತುಂಬ ವಿಭೂತಿ, ಕಣ್ಣು ಸದಾ ಮೈಕ್ರೋಸ್ಕೋಪಿನಲ್ಲಿ. ಹೊಸ ಡಾಕ್ಟರು ಯಾರಾದರೂ ಗದರಿದರೆ, ತಲೆ ಎತ್ತದೆಯೇ, "ನಾನು ಎದ್ರೆ ರಿಪೋರ್ಟ್ ಯಾರು ಕೊಡ್ತಾರೆ ಸಾರ್? ನೀವು ಕೂತ್ಕೊತೀರಾ?" ಎನ್ನುತ್ತಿದ್ದರು. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಅವರ ಬಾಯಿಗೆ ಹೆದರದವರಿರಲಿಲ್ಲ.

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ವರ್ಷ ತುಂಬುವ ಮೊದಲೇ ನನಗೆ ಕಾಮಾಲೆ ಬಂತು. ನೆಲನೆಲ್ಲಿ ರಸ ಕುಡಿದರೂ ಕಣ್ಣಿನ ಹಳದಿ ಇಳಿಯದೆ ಆಸ್ಪತ್ರೆ ಸೇರಿದೆ. ಅಲ್ಲಿ ಸೇರಿದವರಿಗೆಲ್ಲ ಮಾಡುವ ಸಿಫಿಲಿಸ್ ಪರೀಕ್ಷೆ ನನಗೂ ಆಯಿತು. ಪಾಸಿಟಿವ್! 'ಕಾಮಾಲೆ ಇದೆ, ಇದನ್ನು ನಂಬಬೇಡಿ, ವಾಸಿಯಾದ ಮೇಲೆ ಮತ್ತೆ ನೋಡಬೇಕು' ಎಂದು ಗಿರಿಜಕ್ಕ ಕೆಳಗೆ ಬರೆದಿದ್ದರಂತೆ. ನಕಲು ತೆಗೆದ ಗುಮಾಸ್ತ ಆ ಸಾಲನ್ನೇ ಬಿಟ್ಟ. ಚೀಟಿ ನಮ್ಮತ್ತೆಯ ಕೈ ಸೇರಿತು. "ಬೀದಿ ಹೆಂಗಸರಿಗೆ ಬರೋ ರೋಗ ಕಣೋ ಇದು," ಎಂದು ವಾರ್ಡಿನಲ್ಲೇ ಮಗನಿಗೆ ಕೂಗಿ ಹೇಳಿದರು. ನನ್ನ ಗಂಡ ನೆಲ ನೋಡುತ್ತ ನಿಂತ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಗಲಾಟೆ ಕೇಳಿ ಗಿರಿಜಕ್ಕ ಬಂದರು. "ಅಮ್ಮಾ, ಕಾಮಾಲೇಲಿ ರಕ್ತಕ್ಕೆ ತಲೆ ಕೆಡತ್ತೆ. ರೋಗದ ಮೇಲೆ ಎತ್ತಿದ ಕೈನ ತನ್ನ ಮೈ ಮೇಲೂ ಬೀಸತ್ತೆ. ನಮ್ಮ ಪರೀಕ್ಷೆ ಅದನ್ನ ನೋಡಿ ಸಿಫಿಲಿಸ್ ಅಂದ್ಕೊಳತ್ತೆ. ಹುಡುಗಿ ತಪ್ಪೇನೂ ಇಲ್ಲ."

ಅತ್ತೆ ಒಪ್ಪಲಿಲ್ಲ. "ಇದು ಗಂಡನಿಂದ್ಲೂ ಬರೋ ರೋಗ. ಹಂಗಾದ್ರೆ ಮೊದಲು ನಿಮ್ಮ ಮಗನ ರಕ್ತ ಕೊಡ್ಸಿ," ಎಂದು ಗಿರಿಜಕ್ಕ ಸಿರಿಂಜು ಹಿಡಿದರು. ಅಲ್ಲೇ ಎಡವಟ್ಟಾಯಿತು. ಅವನದು ನೆಗೆಟಿವ್ ಬಂತು. "ನೋಡಿದ್ರಾ, ನನ್ನ ಮಗ ಅಪರಂಜಿ!" ಎಂದರು ಅತ್ತೆ. ನನ್ನನ್ನು ಕೆಂಗೇರಿಯ ತವರಿಗೆ ಅಟ್ಟಿದರು.

ಮೂರು ತಿಂಗಳ ನಂತರ ಗಿರಿಜಕ್ಕ ತಾವೇ ಬಸ್ಸು ಹತ್ತಿ ಬಂದು ನನ್ನ ರಕ್ತ ತೆಗೆದುಕೊಂಡು ಹೋದರು. ಈ ಸಲ ನೆಗೆಟಿವ್. ಸುದ್ದಿ ತಿಳಿದು ಅತ್ತೆ, ಗಂಡ ಹೂವು ಹಣ್ಣು ಹಿಡಿದು ಕರೆಯಲು ಬಂದರು.

"ನಾಳೆ ಇನ್ನೊಂದು ಚೀಟಿ ಬಂದ್ರೆ ಮತ್ತೆ ಕಳಿಸ್ತೀರಾ?" ಎಂದು ಗಂಡನನ್ನು ಕೇಳಿದೆ. ಅವನು ತಿರುಗಿ ಅಮ್ಮನ ಮುಖ ನೋಡಿದ. ನಾನು ಹೋಗಲಿಲ್ಲ.

"ಸರಿ, ಇನ್ನು ಅಳ್ತಾ ಕೂರ್ಬೇಡ. ಬಾ, ಕೆಲಸ ಕಲಿ," ಎಂದರು ಗಿರಿಜಕ್ಕ. ಕಲಿತೆ.

ಆಗೆಲ್ಲ ರಕ್ತವನ್ನು ಗಾಜಿನ ಕೊಳವೆಯಲ್ಲಿ ಬಾಯಿಂದಲೇ ಎಳೆಯುತ್ತಿದ್ದೆವು. ಎಷ್ಟೋ ಸಲ ಬಾಯಿಗೇ ಬರುತ್ತಿತ್ತು, ಜೊತೆಗೆ ರೋಗಿಯ ಕಾಯಿಲೆಯೂ. ಕೆಲವು ವರ್ಷಗಳಲ್ಲಿ ಗಿರಿಜಕ್ಕನ ಕಣ್ಣೂ ಹಳದಿಯಾಯಿತು. ಅದೇ ವಾರ್ಡಿನಲ್ಲಿ ಮಲಗಿದ್ದ ಅವರು ನನ್ನನ್ನು ಕರೆಸಿ ತೋಳು ಚಾಚಿದರು.

"ಆ ಪರೀಕ್ಷೆ ನನಗೂ ಮಾಡೇ."

"ಬೇಡ ಅಕ್ಕ. ಜನ ಏನಂತಾರೆ?"

"ಅದಕ್ಕೇ ಮಾಡು ಅಂದಿದ್ದು. ಪಾಸಿಟಿವ್ ಬಂದ್ರೆ ನನ್ನ ಹೆಸರು ಬರೆದು ಈ ಗೋಡೆಗೆ ಅಂಟಿಸು. ಈ ಮುದುಕಿ ಯಾವನ ಜೊತೆ ಹೋಗಿದ್ಲು ಅಂತ ಕೇಳಲಿ ನೋಡೋಣ! ಇನ್ನೊಂದು ಹುಡುಗೀನ ಹಂಗೆ ಅಟ್ಟಬಾರದು ಕಣೇ."

ಪಾಸಿಟಿವ್ ಬಂತು. ಹೇಳಿದಾಗ ಪರೀಕ್ಷೆಯಲ್ಲಿ ಪಾಸಾದವರಂತೆ ನಕ್ಕರು. ಅದೇ ಕೊನೆಯ ಭೇಟಿ. ಎರಡು ದಿನದಲ್ಲಿ ಹೋಗಿಬಿಟ್ಟರು.

ಅವರು ಹೇಳಿದ ಹಾಗೆಯೇ ದಪ್ಪಕ್ಷರದಲ್ಲಿ ಹೆಸರು ಬರೆದು, ಕಾಮಾಲೆಯಲ್ಲಿ ಹೀಗಾಗುತ್ತದೆಂದು ವಿವರಿಸಿ ಅಂಟಿಸಿದೆ. ಸತ್ತವರ ಮರ್ಯಾದೆ ತೆಗೆಯುತ್ತೀಯಾ ಎಂದು ಮೇಲಿನವರು ಬೈದು ಕಿತ್ತುಹಾಕಿದರು. ಮರುದಿನ ಇನ್ನೊಂದು ಬರೆದು ಅಂಟಿಸಿದೆ. ಅದನ್ನೂ ಕಿತ್ತರು. ಕೀಳಲಿ, ನನ್ನ ಹತ್ತಿರ ಕಾಗದಕ್ಕೇನು ಬರವೇ?